ಕೂಸಿನ ನಾಲಿಗೆಯ ಬಿಳಿ, ಅಜ್ಜಿಯ ಅಂಗುಳಿನ ಕೆಂಪು

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ನನ್ನ ಎರಡು ತಿಂಗಳ ಕೂಸಿನ ನಾಲಿಗೆ ಮೇಲೆ, ಕೆನ್ನೆಯ ಒಳಗೆ ಮೊಸರು ಅಂಟಿದಂತೆ ಬಿಳಿ ಕಲೆಗಳು ಬಂದಿವೆ. ಅದೇ ವಾರ ನಮ್ಮ ಅತ್ತೆಯವರನ್ನು ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಅವರಿಗೆ 68 ವರ್ಷ. 12 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹಲ್ಲಿನ ಸೆಟ್ ಕಟ್ಟಿಸಿ 9 ವರ್ಷ ಆಯಿತು. ಅಂಗುಳು ಕೆಂಪಾಗಿದೆ, ತುಟಿಯ ಮೂಲೆ ಒಡೆದಿದೆ, ಇದು ಯೀಸ್ಟ್ ಬಯೋಫಿಲ್ಮ್ ಅಂದರು. ಕೂಸಿನ ಡಾಕ್ಟರೂ ಯೀಸ್ಟ್ ಅಂತಲೇ ಹೇಳಿದರು. ಈಗ ನನ್ನ ತವರಿನವರು, ಅಜ್ಜಿ ಮುತ್ತು ಕೊಟ್ಟು ಕೊಟ್ಟೇ ಕೂಸಿಗೆ ತಗುಲಿತು ಅನ್ನುತ್ತಿದ್ದಾರೆ. ಅತ್ತೆಯವರು ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಇದು ನಿಜವೇ? ಇಬ್ಬರದೂ ಒಂದೇ ರೋಗವೇ? ಹಾಗಾದರೆ ನನಗೆ, ತಂಬಾಕು ತಿನ್ನುವ ನನ್ನ ಯಜಮಾನರಿಗೆ, ಮುಂದಿನ ಹಲ್ಲು ಹುಳುಕಾಗಿರುವ ನನ್ನ ಮೂರು ವರ್ಷದ ಮಗನಿಗೆ ಯಾಕೆ ಬಂದಿಲ್ಲ? ಓಣಿಯ ಹಿರಿಯರೊಬ್ಬರು ಕೂಸಿನ ಬಾಯಿಗೆ ಬಿಳಿಗಾರವನ್ನು ಜೇನಿನಲ್ಲಿ ತೇಯ್ದು ಹಚ್ಚು ಎಂದಿದ್ದಾರೆ. ಹಚ್ಚಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅದು ಕಾಯುವಂಥದ್ದಲ್ಲ.

ಬಿಳಿಗಾರ ಬೇಡ. ಜೇನೂ ಬೇಡ. ಬಿಳಿಗಾರ ಅಂದರೆ ಬೊರಾಕ್ಸ್. ಅದು ಕೂಸಿನ ಹೊಟ್ಟೆಗೆ ಹೋದರೆ ಮೈಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಬೊರಾಕ್ಸ್ ಮತ್ತು ಜೇನು ಬೆರೆಸಿ ಚೀಪುವ ನಿಪ್ಪಲ್‌ಗೆ ಹಚ್ಚುವ ರೂಢಿ ಒಂದು ಕಾಲಕ್ಕೆ ಬ್ರಿಟನ್ನಿನಲ್ಲೂ ಇತ್ತು. ಅಲ್ಲಿ ಕೂಸುಗಳಿಗೆ ಫಿಟ್ಸ್ ಬಂದ ಮೇಲೆಯೇ ಅದರ ಅಪಾಯ ತಿಳಿದದ್ದು. ಜೇನಿನ ತೊಂದರೆ ಬೇರೆ. ಅದರಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ರೋಗದ ಬೀಜಕಣ ಇರಬಹುದು. ವರ್ಷ ತುಂಬುವವರೆಗೆ ಕೂಸಿನ ಕರುಳು ಅದನ್ನು ತಡೆದುಕೊಳ್ಳಲಾರದು. ಹಿರಿಯರು ಪ್ರೀತಿಯಿಂದಲೇ ಹೇಳಿರುತ್ತಾರೆ, ಅದು ನನಗೂ ಗೊತ್ತು. ನನ್ನ ಬಾಯಿಗೂ ಚಿಕ್ಕಂದಿನಲ್ಲಿ ಹಚ್ಚಿದ್ದರಂತೆ. ಆದರೂ ಬೇಡ.

ಇನ್ನು ಅತ್ತೆಯವರ ವಿಷಯ. ಅವರನ್ನು ಕರೆದು ಕೂಸನ್ನು ಕೈಗೆ ಕೊಡಿ. ಅವರು ತಪ್ಪಿತಸ್ಥರಲ್ಲ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು.

ಯೀಸ್ಟ್ ಅಂದರೆ ಒಂಟಿ ಜೀವಕೋಶದ ಶಿಲೀಂಧ್ರ. ಇಬ್ಬರ ಬಾಯಲ್ಲೂ ಇರುವ ಯೀಸ್ಟಿನ ಹೆಸರು ಬಹುಮಟ್ಟಿಗೆ ಕ್ಯಾಂಡಿಡಾ ಆಲ್ಬಿಕಾನ್ಸ್. ಎರಡು ಪದಕ್ಕೂ ಲ್ಯಾಟಿನ್ ಭಾಷೆಯಲ್ಲಿ ಬಿಳಿ ಅಂತಲೇ ಅರ್ಥ. ಬಿಳಿಯ ಮೇಲೆ ಬಿಳಿ ಬಳಿದಂಥ ಹೆಸರು. 1839ರಲ್ಲಿ ಜರ್ಮನಿಯ ಲಾಂಗೆನ್‌ಬೆಕ್ ಎಂಬ ವೈದ್ಯ ವಿಷಮಶೀತ ಜ್ವರದ ರೋಗಿಯೊಬ್ಬನ ಗಂಟಲಲ್ಲಿ ಇದನ್ನು ಕಂಡ. ಕ್ಯಾಂಡಿಡಾ ಎಂಬ ಹೆಸರು ಕೊಟ್ಟವರು ಕ್ರಿಸ್ಟೀನ್ ಬರ್ಕ್‌ಹೌಟ್ ಎಂಬ ಡಚ್ ಸಂಶೋಧಕಿ, 1923ರಲ್ಲಿ. ಬ್ರೆಡ್ ಮಾಡುವ ಯೀಸ್ಟಿನ ದೂರದ ನೆಂಟ ಅನ್ನಿ. ಗುಂಡಗೆ ಇರುತ್ತದೆ. ಒಂದು ಮಿಲಿಮೀಟರಿನ ಸುಮಾರು 200ರಲ್ಲಿ ಒಂದು ಭಾಗದಷ್ಟು ಗಾತ್ರ.

ಈಗ ನಿಮಗೆ ಅಚ್ಚರಿ ಆಗಬಹುದಾದ ಮಾತು. ನಿಮ್ಮ ಬಾಯಲ್ಲೂ ಅದು ಇರಬಹುದು. ನನ್ನ ಬಾಯಲ್ಲಂತೂ ಇದೆ, ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನನ್ನದೇ ಜೊಲ್ಲು ತೆಗೆದು ಬೆಳೆಸಿ ನೋಡಿದ್ದೇನೆ. ಏನೂ ಕಾಯಿಲೆ ಇಲ್ಲದ ವಯಸ್ಕರನ್ನು ಪರೀಕ್ಷಿಸಿದರೆ 100 ಜನರಲ್ಲಿ 30ರಿಂದ 60 ಜನರ ಬಾಯಲ್ಲಿ ಕ್ಯಾಂಡಿಡಾ ಸಿಗುತ್ತದೆ. ನಾಲಿಗೆಯ ಹಿಂಭಾಗದ ಮುಳ್ಳುಗಳ ಸಂದಿಯಲ್ಲಿ ತಣ್ಣಗೆ ಕೂತಿರುತ್ತದೆ. ಅದು ಹೊರಗಿನಿಂದ ಬಂದ ಕಳ್ಳ ಅಲ್ಲ, ಮನೆಯ ಪಡಸಾಲೆಯಲ್ಲೇ ಇರುವ ಬಾಡಿಗೆದಾರ. ಹೆಚ್ಚಿನ ಕೂಸುಗಳಿಗೆ ಅದು ಹುಟ್ಟುವಾಗಲೇ ಅಥವಾ ಮೊದಲ ವಾರಗಳಲ್ಲಿ ತಾಯಿಯಿಂದ ಬರುತ್ತದೆ. ಹೆರಿಗೆಯ ದಾರಿಯಿಂದ, ಮೊಲೆಯ ಚರ್ಮದಿಂದ, ಎತ್ತಿಕೊಂಡವರ ಕೈಯಿಂದ. ಹಾಗಂತ ಈಗ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಅಂದರೆ ಪ್ರಶ್ನೆ 'ಯಾರಿಂದ ಬಂತು' ಅನ್ನುವುದಲ್ಲ. 'ಇವರಿಬ್ಬರ ಬಾಯಲ್ಲೇ ಯಾಕೆ ಪದರ ಕಟ್ಟಿತು' ಅನ್ನುವುದು. ಡೋಣಿ ಹರಿದರೆ ಓಣೆಲ್ಲ ಜೋಳ ಅನ್ನುತ್ತಾರೆ ವಿಜಯಪುರದ ಕಡೆ. ಡೋಣಿ ಅಂದರೆ ಅಲ್ಲಿನ ಹೊಳೆ. ಅದೇ ಬೀಜವನ್ನು ಮಡ್ಡಿಗೆ ಚೆಲ್ಲಿದರೆ ಓಣಿ ತುಂಬೀತೇ? ಬೀಜ ಒಂದೇ, ನೆಲ ಬೇರೆ. ಬಾಯಿಯ ನೆಲ ವಯಸ್ಸಿಗೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ.

ಮೊದಲು ಬಯೋಫಿಲ್ಮ್ ಅಂದರೇನು ಅಂತ ನೋಡೋಣ. ಬೇಸಿಗೆಯಲ್ಲಿ ನೀರಿನ ಹರವಿಯನ್ನು ನಾಲ್ಕು ದಿನ ತೊಳೆಯದೆ ಬಿಡಿ. ಆಮೇಲೆ ಒಳಗೆ ಕೈ ಆಡಿಸಿ. ಜಾರುತ್ತದಲ್ವಾ? ಆ ಲೋಳೆಯೇ ಬಯೋಫಿಲ್ಮ್. ಬಾವಿಯ ಮೆಟ್ಟಿಲ ಮೇಲಿನ ಹಾವಸೆಯೂ ಅದೇ ಜಾತಿಯದು. ನೀರಿನಲ್ಲಿ ತೇಲುವ ಜೀವಿಗಳು ಗಟ್ಟಿ ನೆಲ ಸಿಕ್ಕ ಕೂಡಲೇ ಅಂಟಿಕೊಂಡು, ಸುತ್ತ ಅಂಟು ಸುರಿದುಕೊಂಡು ಊರು ಕಟ್ಟುತ್ತವೆ. ಒಂದು ತಂಬಿಗೆ ನೀರು ಹಾಕಿ ಕುಲುಕಿದರೆ ತೇಲುವುದು ಹೋಗುತ್ತದೆ. ಊರು ಹೋಗುವುದಿಲ್ಲ. ಅದಕ್ಕೆ ನಾರು ಹಿಡಿದು ತಿಕ್ಕಬೇಕು. ಈ ತಿಕ್ಕುವ ಮಾತನ್ನು ನೆನಪಿಡಿ, ಮತ್ತೆ ಬರುತ್ತದೆ.

ಕ್ಯಾಂಡಿಡಾ ಕಟ್ಟುವ ಊರು ಹೀಗಿರುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಗುಂಡು ಯೀಸ್ಟುಗಳು ನೆಲಕ್ಕೆ ಅಂಟುತ್ತವೆ. ಅವುಗಳ ಮೈಮೇಲೆ ಅಂಟುವುದಕ್ಕೆಂದೇ ಪ್ರೋಟೀನುಗಳಿವೆ. ಆಮೇಲೆ ಗುಂಡು ಯೀಸ್ಟಿಗೆ ಬಾಲ ಮೂಡುತ್ತದೆ. ಬಾಲ ಉದ್ದವಾಗಿ ಎಳೆಯಾಗುತ್ತದೆ, ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಸಕ್ಕರೆಯ ಸರಪಳಿ, ಪ್ರೋಟೀನು, ಸತ್ತ ಜೀವಕೋಶದ ಡಿಎನ್‌ಎ ಎಲ್ಲಾ ಸೇರಿದ ಅಂಟು ಅದರ ಸುತ್ತ ತುಂಬಿಕೊಳ್ಳುತ್ತದೆ. ಕೊನೆಗೆ ಮೇಲಿನಿಂದ ಹೊಸ ಯೀಸ್ಟುಗಳು ಕಳಚಿ ಜೊಲ್ಲಿನಲ್ಲಿ ತೇಲಿ ಬೇರೆ ಜಾಗ ಹುಡುಕುತ್ತವೆ.

ಬಾಲ ಮೂಡುವುದನ್ನು ನಮ್ಮ ಲ್ಯಾಬಿನಲ್ಲಿ ನೋಡುವುದೇ ಒಂದು ಖುಷಿ. ಯೀಸ್ಟನ್ನು ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ ಹಾಕಿ, ಮೈ ಬಿಸಿಯಷ್ಟು, ಅಂದರೆ 37 ಡಿಗ್ರಿಯಲ್ಲಿ ಎರಡು-ಎರಡೂವರೆ ಗಂಟೆ ಇಡುತ್ತೇವೆ. ಊಟ ಮುಗಿಸಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಪ್ರತಿ ಗುಂಡಿಗೂ ಮೊಳಕೆ. ನೆನೆಹಾಕಿ ಕಟ್ಟಿಟ್ಟ ಮಡಕೆ ಕಾಳಿನ ಹಾಗೆ. ವಿದ್ಯಾರ್ಥಿಗಳು ಮೊದಲ ಸಲ ನೋಡಿದಾಗ ಸುಮ್ನೆ ಕೂತುಬಿಡುತ್ತಾರೆ.

ಈ ಎಳೆಗಳೇ ಕಾಟ ಕೊಡುವುದು. ಗುಂಡಗಿದ್ದಾಗ ಅದು ಬಹುಮಟ್ಟಿಗೆ ಸಾಧು. ಎಳೆಯಾದಾಗ ಬಾಯಿಯ ಚರ್ಮವನ್ನು ತೂರುತ್ತದೆ, ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನೂ ಬಿಡುತ್ತದೆ. ಈ ವಿಷ ಇದೆ ಅಂತ ಗೊತ್ತಾದದ್ದು ತೀರಾ ಈಚೆಗೆ, 2016ರಲ್ಲಿ. ಒಮ್ಮೆ ಊರು ಕಟ್ಟಿದ ಮೇಲೆ ಔಷಧಕ್ಕೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ತೇಲುವ ಯೀಸ್ಟನ್ನು ಕೊಲ್ಲುವ ಪ್ರಮಾಣದ ನೂರು ಪಟ್ಟು, ಕೆಲವು ಔಷಧಗಳಿಗೆ ಸಾವಿರ ಪಟ್ಟು ಹಾಕಿದರೂ ಪದರದ ಒಳಗಿನವು ಉಳಿದದ್ದನ್ನು ಲ್ಯಾಬುಗಳಲ್ಲಿ ನೋಡಿದ್ದಾರೆ. ಅಂಟು ಔಷಧವನ್ನು ಹೀರಿ ಹಿಡಿದುಕೊಳ್ಳುತ್ತದೆ. ಒಳಗೆ ನುಗ್ಗಿದ್ದನ್ನು ಜೀವಕೋಶಗಳು ಪಂಪು ಹಚ್ಚಿ ಹೊರಗೆ ಹಾಕುತ್ತವೆ. ಇನ್ನು ಕೆಲವು ಬೆಳೆಯುವುದನ್ನೇ ನಿಲ್ಲಿಸಿ ಸತ್ತಂತೆ ಮಲಗಿ, ಔಷಧ ನಿಂತ ಮೇಲೆ ಏಳುತ್ತವೆ.

ಹಾಗಾದರೆ ನಮ್ಮೆಲ್ಲರ ಬಾಯಲ್ಲಿ ಯಾಕೆ ಊರು ಕಟ್ಟುವುದಿಲ್ಲ? ಎರಡು ಕಾರಣ ಮುಖ್ಯ. ಒಂದು ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸುರಿಯುತ್ತದೆ. ಅದು ತೊಳೆಯುವುದಲ್ಲದೆ, ಅದರಲ್ಲಿರುವ ಹಿಸ್ಟಾಟಿನ್ ಎಂಬ ಚಿಕ್ಕ ಪ್ರೋಟೀನು ಕ್ಯಾಂಡಿಡಾವನ್ನು ನೇರವಾಗಿ ಕೊಲ್ಲುತ್ತದೆ. ಎರಡನೆಯದು, ಬಾಯಿಯ ಚರ್ಮ ಉದುರುತ್ತಲೇ ಇರುತ್ತದೆ. ಯೀಸ್ಟು ಅಂಟಿಕೊಂಡ ಗೋಡೆಯ ಸುಣ್ಣವೇ ಕಳಚಿ ಹೊಟ್ಟೆಗೆ ಹೋಗುತ್ತದೆ. ಜೊತೆಗೆ ಬಾಯಲ್ಲಿ ಮೊದಲೇ ಜಾಗ ಹಿಡಿದ ಬ್ಯಾಕ್ಟೀರಿಯಾಗಳು ಹೊಸಬರಿಗೆ ಎಡೆ ಕೊಡುವುದಿಲ್ಲ. ಅದಕ್ಕೇ ಆ್ಯಂಟಿಬಯಾಟಿಕ್ ತಿಂದ ಮೇಲೆ ಕೆಲವರ ಬಾಯಿ ಬೆಳ್ಳಗಾಗುವುದು.

ಈಗ ನಿಮ್ಮ ಮನೆಯ ಒಬ್ಬೊಬ್ಬರ ಬಾಯಿಯನ್ನು ನೋಡೋಣ.

ಕೂಸಿಗೆ ಎರಡು ತಿಂಗಳು. ಜೊಲ್ಲು ಇನ್ನೂ ಸರಿಯಾಗಿ ಸುರಿಯುವುದಿಲ್ಲ, ಜೊಲ್ಲು ಸೋರಿ ಅಂಗಿ ತೋಯುವುದೆಲ್ಲ ಮುಂದಿನ ತಿಂಗಳುಗಳ ಮಾತು. ರೋಗ ತಡೆಯುವ ಶಕ್ತಿ ಈಗಷ್ಟೇ ಕಲಿಯುತ್ತಿದೆ. ಬ್ಯಾಕ್ಟೀರಿಯಾಗಳ ಓಣಿ ಇನ್ನೂ ತುಂಬಿಲ್ಲ. ಖಾಲಿ ಜಾಗ ಕಂಡು ಯೀಸ್ಟು ಹಬ್ಬಿದೆ, ಅಷ್ಟೇ. ಆದರೆ ಕೂಸಿಗೆ ಹಲ್ಲಿಲ್ಲ. ಬಾಯಿಯ ನೆಲವೆಲ್ಲ ಉದುರುವ ನೆಲ. ಆದ್ದರಿಂದ ಆ ಬಿಳಿ ಪದರ ಬೇಗ ಕಟ್ಟಿದಂತೆ ಬೇಗ ಹೋಗುತ್ತದೆ ಕೂಡ. ಅದು ಹಾಲಿನ ಕೆನೆಯೋ ಯೀಸ್ಟೋ ಎಂಬ ಅನುಮಾನ ಇದ್ದರೆ ಒದ್ದೆ ಮಲ್ಲು ಬಟ್ಟೆಯಿಂದ ಮೆಲ್ಲಗೆ ಒರೆಸಿ. ಹಾಲಾದರೆ ಸಲೀಸಾಗಿ ಬರುತ್ತದೆ. ಯೀಸ್ಟಾದರೆ ಅಂಟಿಕೊಂಡಿರುತ್ತದೆ, ಬಂದರೂ ಕೆಳಗೆ ಕೆಂಪು ಕಾಣುತ್ತದೆ. ಒತ್ತಿ ಕೀಳಬೇಡಿ, ರಕ್ತ ಬರುತ್ತದೆ.

ಡಾಕ್ಟರ್ ಬಹುಶಃ ನಿಸ್ಟಾಟಿನ್ ಹನಿ ಅಥವಾ ಕ್ಲೋಟ್ರಿಮಜೋಲ್ ಬಾಯಿ ಪೇಂಟ್ ಬರೆದಿರುತ್ತಾರೆ. ಹಾಲು ಕುಡಿಸಿದ ಮೇಲೆ ಹಾಕಿ, ಮೊದಲು ಹಾಕಿದರೆ ಹಾಲಿನ ಜೊತೆ ತೊಳೆದುಹೋಗುತ್ತದೆ. ಬಿಳಿ ಹೋಯಿತೆಂದು ಎರಡೇ ದಿನಕ್ಕೆ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಹಾಕಿ. ಅಂಗಡಿಯಲ್ಲಿ ಸಿಗುವ ಮೈಕೊನಜೋಲ್ ಜೆಲ್ಲನ್ನು ನೀವೇ ತಂದು ಇಷ್ಟು ಚಿಕ್ಕ ಕೂಸಿಗೆ ಹಚ್ಚಬೇಡಿ. ಅದು ಮಂದ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇದೆ. ನಿಮ್ಮ ಮೊಲೆತೊಟ್ಟು ಕೆಂಪಾಗಿ, ಉರಿ ಇದ್ದರೆ ಡಾಕ್ಟರಿಗೆ ಹೇಳಿ. ಆಗ ಇಬ್ಬರಿಗೂ ಒಟ್ಟಿಗೇ ಔಷಧ ಆಗಬೇಕು. ಇಲ್ಲದಿದ್ದರೆ ನಿಮ್ಮಿಂದ ಕೂಸಿಗೆ, ಕೂಸಿನಿಂದ ನಿಮಗೆ ಅಂತ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಹಾಲು ಕುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಬಾಟಲಿ ನಿಪ್ಪಲ್ ಬಳಸುತ್ತಿದ್ದರೆ ಬ್ರಷ್ ಹಾಕಿ ತಿಕ್ಕಿ, ಆಮೇಲೆ ಕುದಿಸಿ. ನಿಪ್ಪಲ್ಲಿನ ರಬ್ಬರು ಉದುರುವ ನೆಲ ಅಲ್ಲ, ನೋಡಿ.

ನಿಸ್ಟಾಟಿನ್ ಎಂದಾಗ ಒಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅದನ್ನು ಕಂಡುಹಿಡಿದವರು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಇಬ್ಬರೂ ನ್ಯೂಯಾರ್ಕ್ ರಾಜ್ಯ ಸರ್ಕಾರದ ಲ್ಯಾಬುಗಳಲ್ಲಿದ್ದವರು, ಆದರೆ ಬೇರೆ ಬೇರೆ ಊರಲ್ಲಿ. ಒಬ್ಬರು ಮಣ್ಣಿನಿಂದ ಜೀವಿಗಳನ್ನು ಬೆಳೆಸಿ ಗಾಜಿನ ಭರಣಿಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವುದು, ಇನ್ನೊಬ್ಬರು ಅದರಿಂದ ರಾಸಾಯನಿಕ ತೆಗೆದು ಮರಳಿ ಕಳಿಸುವುದು. ಕೊನೆಗೆ ವರ್ಜೀನಿಯಾದ ಒಂದು ತೋಟದ ಮಣ್ಣಿನಲ್ಲಿ ಔಷಧ ಸಿಕ್ಕಿತು. 1950ರಲ್ಲಿ ಜಗತ್ತಿಗೆ ತಿಳಿಸಿದರು. ಬಂದ ಕೋಟಿಗಟ್ಟಲೆ ಹಣದಲ್ಲಿ ತಮಗೆ ಒಂದು ಪೈಸೆ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ನಿಮ್ಮ ಕೂಸಿನ ಬಾಯಿಗೆ ಬೀಳುವ ಹಳದಿ ಹನಿ ಆ ಮಣ್ಣಿನದು.

ಮೂರು ವರ್ಷದ ಮಗನಿಗೆ 'ಬಂದಿಲ್ಲ' ಎಂದು ಬರೆದಿದ್ದೀರಿ. ಬಿಳಿ ಬಂದಿಲ್ಲ, ನಿಜ. ಆದರೆ ಹುಳುಕಾದ ಮುಂದಿನ ಹಲ್ಲುಗಳನ್ನು ಮರೆಯಬೇಡಿ. ಹಲ್ಲು ಮೂಡಿದ ದಿನ ಬಾಯಲ್ಲಿ ಮೊದಲ ಸಲ ಉದುರದ ನೆಲ ಹುಟ್ಟುತ್ತದೆ. ಅಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಎಂಬ ಬ್ಯಾಕ್ಟೀರಿಯಾ ಕೂರುತ್ತದೆ. ಅದು ಸಕ್ಕರೆಯಿಂದ ಗೋಂದು ಮಾಡುತ್ತದೆ. ಆ ಗೋಂದು ಮಾಡುವ ಕಿಣ್ವ ಹೋಗಿ ಕ್ಯಾಂಡಿಡಾದ ಮೈಗೆ ಅಂಟಿಕೊಳ್ಳುತ್ತದೆ. ಆಗ ಯೀಸ್ಟಿನ ಮೈಮೇಲೇ ಗೋಂದು ತಯಾರಾಗುತ್ತದೆ. ಇಬ್ಬರೂ ಸೇರಿ ಕಟ್ಟಿದ ಪದರ ಒಬ್ಬೊಬ್ಬರೇ ಕಟ್ಟುವುದಕ್ಕಿಂತ ದಪ್ಪ, ಹುಳಿಯೂ ಜಾಸ್ತಿ. 2014ರಲ್ಲಿ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಎರಡೂ ಇದ್ದ, ಸಕ್ಕರೆ ತಿಂದ ಇಲಿಗಳ ಹಲ್ಲು ಭೀಕರವಾಗಿ ಹುಳುಕಾಯಿತು. ಹಲ್ಲು ಹುಳುಕಾದ ಪುಟ್ಟ ಮಕ್ಕಳ ಪದರದಲ್ಲಿ ಕ್ಯಾಂಡಿಡಾ ಜಾಸ್ತಿ ಸಿಗುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ.

ಇಲ್ಲಿ ನಮ್ಮ ಸೀಮೆಯ ಒಂದು ಮಾತು ಹೇಳಬೇಕು. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಅನ್ನುತ್ತೇವೆ. ಮಹಾಲಿಂಗಪುರದ ಬೆಲ್ಲ ಪಕ್ಕದಲ್ಲೇ ಸಿಗುವಾಗ ಹಾಗೆ ಅನ್ನಿಸುವುದು ಸಹಜ. ಆದರೆ ಹಲ್ಲಿನ ಮೇಲಿನ ಈ ಜೋಡಿಗೆ ಎರಡೂ ಒಂದೇ. ಬೆಲ್ಲದಲ್ಲಿ ಬಹುಪಾಲು ಇರುವುದೂ ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಅಮೀನಗಡದ ಕರದಂಟು ಊಟದ ಜೊತೆ ಒಂದು ತುಂಡು ತಿಂದು ಬಾಯಿ ಮುಕ್ಕಳಿಸಿದರೆ ಅಡ್ಡಿ ಇಲ್ಲ. ಬೆಲ್ಲದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ರಾತ್ರಿಯಿಡೀ ಮಲಗುವುದೇ ಅಪಾಯ, ಯಾಕಂದರೆ ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತಿರುತ್ತದೆ. ಮಗ ಹೀಗೆ ಮಲಗುತ್ತಿದ್ದರೆ ಇವತ್ತೇ ಬಿಡಿಸಿ. ಎರಡು-ಮೂರು ರಾತ್ರಿ ಅಳುತ್ತಾನೆ, ಆಮೇಲೆ ಮರೆಯುತ್ತಾನೆ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ಬ್ರಷ್ ನೀವೇ ಹಿಡಿಯಿರಿ. ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತವೆ ಅಂತ ಬಿಡಬೇಡಿ. ಡಾಕ್ಟರಿಗೆ ತೋರಿಸಿ.

ಹದಿಹರೆಯ ಮತ್ತು ಯೌವನ ಯೀಸ್ಟಿಗೆ ಬರಗಾಲ. ಜೊಲ್ಲು ಚೆನ್ನಾಗಿರುತ್ತದೆ, ಜಗಿಯುವುದು ಜೋರು, ರೋಗ ತಡೆಯುವ ಪಡೆ ಗಟ್ಟಿ. ಹಲ್ಲಿಗೆ ತಂತಿ ಹಾಕಿಸಿಕೊಂಡವರಲ್ಲಿ ಸ್ವಲ್ಪ ಹೆಚ್ಚುತ್ತದೆ, ದಮ್ಮಿಗೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಲ್ಲೂ. ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಅರ್ಧ ತೊಂದರೆ ತಪ್ಪುತ್ತದೆ. ಈ ವಯಸ್ಸಿನವರಿಗೆ ಯಾವ ಕಾರಣವೂ ಇಲ್ಲದೆ ಬಾಯಿ ತುಂಬ ಬಿಳಿ ಬಂದರೆ ಅದನ್ನು ಸುಮ್ಮನೆ ಬಿಡಬಾರದು. ಸಕ್ಕರೆ ಕಾಯಿಲೆ, ಎಚ್‌ಐವಿ ಎರಡನ್ನೂ ಪರೀಕ್ಷೆ ಮಾಡಿಸಬೇಕು. ನೀವು ಆರೋಗ್ಯವಾಗಿದ್ದೀರಿ, ನಿಮಗೆ ಬಾರದಿರುವುದರಲ್ಲಿ ಆಶ್ಚರ್ಯ ಇಲ್ಲ.

ನಿಮ್ಮ ಯಜಮಾನರ ಬಗ್ಗೆ ಮಾತ್ರ ನನಗೆ ನಿಮಗಿಂತ ಜಾಸ್ತಿ ಚಿಂತೆ. ಬೆಳಗಾವಿಯಲ್ಲಿ ಕೂತು ನಿಪ್ಪಾಣಿ, ಗೋಕಾಕ ಕಡೆಯ ಬಾಯಿಗಳನ್ನು ವರ್ಷಗಟ್ಟಲೆ ನೋಡಿದವನು ನಾನು. ತಂಬಾಕು-ಸುಣ್ಣ ತಿಕ್ಕಿ ಕೆಳದುಟಿಯ ಒಳಗಿಟ್ಟುಕೊಳ್ಳುವವರಲ್ಲಿ ಆ ಜಾಗ ಬೆಳ್ಳಗೆ, ದಪ್ಪಗೆ, ಸುಕ್ಕುಗಟ್ಟಿರುತ್ತದೆ. ಕೂಸಿನ ಬಿಳಿ ಒರೆಸಿದರೆ ಅಷ್ಟಿಷ್ಟು ಬರುತ್ತದೆ. ಇದು ಏನು ಮಾಡಿದರೂ ಬರುವುದಿಲ್ಲ. ಅಂಥ ದಪ್ಪ ಚರ್ಮದೊಳಗೆ ಕೆಲವೊಮ್ಮೆ ಕ್ಯಾಂಡಿಡಾದ ಎಳೆಗಳು ಹೊಕ್ಕಿರುತ್ತವೆ, ಬೀಡಿ-ಸಿಗರೇಟು ಸೇದುವವರಲ್ಲಿ ತುಟಿಯ ಮೂಲೆಯ ಒಳಬದಿಯಲ್ಲಿ ಇದು ಹೆಚ್ಚು. ಹಾಗೆ ಯೀಸ್ಟು ಹೊಕ್ಕ ಬಿಳಿ ಮಚ್ಚೆ ಕ್ಯಾನ್ಸರಿಗೆ ತಿರುಗುವ ಸಂಭವ ಇದೆ. ಆದ್ದರಿಂದ ಒಂದು ದಿನ ಬೆಳಕಿಗೆ ಕೂರಿಸಿ ತುಟಿ ಎಳೆದು, ಕೆನ್ನೆ ಎಳೆದು ನೋಡಿ. ಒರೆಸಿದರೂ ಹೋಗದ ಬಿಳಿ, ಕೆಂಪು ಮಚ್ಚೆ, ಎರಡು-ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ಅಗಲ ತೆರೆಯಲಾಗದಿರುವುದು, ಇದರಲ್ಲಿ ಒಂದು ಕಂಡರೂ ಡಾಕ್ಟರಲ್ಲಿಗೆ ಹೋಗಲಿ. ಚಿಕ್ಕ ತುಂಡು ತೆಗೆದು ಪರೀಕ್ಷಿಸೋಣ ಅಂದರೆ ಹೆದರಿ ಓಡಿಬರಬಾರದು.

ಇನ್ನು ಅತ್ತೆಯವರು. ಯೀಸ್ಟಿಗೆ ಅವರ ಬಾಯಿ ನಿಜವಾದ ಎರೆ ಹೊಲ.

ಹಲ್ಲಿನ ಸೆಟ್ಟಿನ ಗುಲಾಬಿ ಭಾಗ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. 1930ರ ದಶಕದಿಂದ ಬಳಕೆಯಲ್ಲಿದೆ. ಅದರ ಹೊರಮೈಗೆ ಪಾಲಿಶ್ ಹಾಕಿರುತ್ತಾರೆ. ಅಂಗುಳಿಗೆ ಕೂರುವ ಒಳಮೈಗೆ ಹಾಕುವುದಿಲ್ಲ, ಹಾಕಿದರೆ ಅಳತೆ ತಪ್ಪಿ ಸಡಿಲವಾಗುತ್ತದೆ. ಆದ್ದರಿಂದ ಒಳಮೈ ಒರಟು, ಕಣ್ಣಿಗೆ ಕಾಣದ ತೂತುಗಳೂ ಇರುತ್ತವೆ. ಆ ತೂತುಗಳಲ್ಲಿ ಯೀಸ್ಟು ಕೂತರೆ ಮೇಲೆ ಬ್ರಷ್ ಆಡಿಸಿದರೂ ಅಲ್ಲಾಡುವುದಿಲ್ಲ. ಮೇಲಿನ ಸೆಟ್ಟು ಅಂಗುಳಿಗೆ ಬಿಗಿಯಾಗಿ ಹೀರಿಕೊಂಡಿರುತ್ತದೆ. ಅದರಡಿಗೆ ಜೊಲ್ಲು ನುಗ್ಗುವುದಿಲ್ಲ, ನಾಲಿಗೆ ತಾಗುವುದಿಲ್ಲ. ಕೆಳಗಿನ ಸೆಟ್ಟಿನಡಿ ಜೊಲ್ಲು ಆಡುತ್ತಿರುತ್ತದೆ, ಅಲ್ಲಿ ಈ ತೊಂದರೆ ಅಪರೂಪ. ಅತ್ತೆಯವರ ಅಂಗುಳನ್ನು ನೋಡಿ: ಆ ಕೆಂಪು ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲೇ ಗೆರೆ ಎಳೆದಂತೆ ನಿಂತಿರುತ್ತದೆ.

ತಮಾಷೆ ಅಂದರೆ ಇದು ನೋಯುವುದಿಲ್ಲ. ಹೆಚ್ಚಿನವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ನನ್ನ ಅಪ್ಪ ಆರು ವರ್ಷ ಸೆಟ್ಟು ತೆಗೆಯದೆ ಮಲಗುತ್ತಿದ್ದರು. ರಾತ್ರಿ ಯಾರಾದರೂ ಬಂದರೆ ಬೊಚ್ಚು ಬಾಯಲ್ಲಿ ಕಾಣಿಸಿಕೊಳ್ಳಬೇಕಲ್ಲ ಅನ್ನುವ ಸಂಕೋಚ. ಮಗ ಊರಿಗೆಲ್ಲ ಬಯೋಫಿಲ್ಮಿನ ಪಾಠ ಹೇಳುತ್ತಿದ್ದಾನೆ, ಮನೆಯಲ್ಲಿ ಅಪ್ಪನ ಅಂಗುಳು ಕೆಂಪಾಗಿದ್ದನ್ನು ನೋಡಿಲ್ಲ! ಒಂದು ಹಬ್ಬಕ್ಕೆ ಹೋದಾಗ ಅವರು ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಕಂಡು, ಸೆಟ್ಟು ಸಡಿಲವಾಗಿರಬೇಕೆಂದು ಬಾಯಿ ತೆರೆಸಿದೆ. ಆಗ ಗೊತ್ತಾಯಿತು.

ಅತ್ತೆಯವರಿಗೆ ಸಕ್ಕರೆ ಕಾಯಿಲೆಯೂ ಜೊತೆಗಿದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಜೊಲ್ಲಿನಲ್ಲೂ ಗ್ಲುಕೋಸ್ ಏರುತ್ತದೆ, ಬಾಯಿ ಒಣಗುತ್ತದೆ, ಯೀಸ್ಟನ್ನು ನುಂಗುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಬಿಪಿ, ನಿದ್ದೆ, ಅಲರ್ಜಿಯ ಕೆಲವು ಗುಳಿಗೆಗಳೂ ಬಾಯಿ ಒಣಗಿಸುತ್ತವೆ. ಇಳಿವಯಸ್ಸಿನಲ್ಲಿ ಇನ್ನೊಂದು ಬದಲಾವಣೆ ಇದೆ. ಆಲ್ಬಿಕಾನ್ಸ್ ಜೊತೆಗೆ ಗ್ಲಾಬ್ರಾಟಾ ಎಂಬ ಬೇರೆ ಯೀಸ್ಟೂ ಸೆಟ್ಟಿನ ಮೇಲೆ ಸೇರಿಕೊಳ್ಳುತ್ತದೆ. ಅದು ಎಳೆ ಬಿಡುವುದಿಲ್ಲ. ಆದರೆ ಯೀಸ್ಟಿಗೆಂದು ಕೊಡುವ ಫ್ಲುಕೊನಜೋಲ್ ಗುಳಿಗೆಗೆ ಅಷ್ಟಾಗಿ ಬಗ್ಗುವುದಿಲ್ಲ. ಗುಳಿಗೆ ನುಂಗಿ ನುಂಗಿ ಸಾಕಾಯಿತು ಅನ್ನುವ ಅಜ್ಜಿಯರ ಲೋಳೆಯನ್ನು ಬೆಳೆಸಿ ನೋಡಿದರೆ ಅನೇಕ ಸಲ ಇದೇ ಸಿಗುತ್ತದೆ.

ತುಟಿಯ ಮೂಲೆ ಒಡೆಯುವುದಕ್ಕೆ ಸೆಟ್ಟಿನ ವಯಸ್ಸೂ ಕಾರಣ. 9 ವರ್ಷದಲ್ಲಿ ಸೆಟ್ಟಿನ ಹಲ್ಲು ಸವೆದಿರುತ್ತವೆ, ಒಸಡಿನ ಮೂಳೆ ಕರಗಿರುತ್ತದೆ. ಬಾಯಿ ಮುಚ್ಚಿದಾಗ ಮೂಗು-ಗದ್ದ ಹತ್ತಿರ ಬಂದು ತುಟಿಯ ಮೂಲೆಯಲ್ಲಿ ಮಡಿಕೆ ಬೀಳುತ್ತದೆ. ಆ ಮಡಿಕೆಯಲ್ಲಿ ಜೊಲ್ಲು ನಿಂತು ಯೀಸ್ಟು ಬೆಳೆಯುತ್ತದೆ. ರಕ್ತ ಕಡಿಮೆ ಇದ್ದರೆ, ಬಿ12 ಕಡಿಮೆ ಇದ್ದರೆ ಇನ್ನೂ ಬೇಗ ಒಡೆಯುತ್ತದೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಈಗ ಬಹಳ ಜನ ತಪ್ಪು ಮಾಡುವ ಜಾಗಕ್ಕೆ ಬಂದೆವು. ಅಂಗುಳು ಕೆಂಪಾಗಿದೆ ಎಂದು ಅಂಗುಳಿಗೆ ಔಷಧ ಹಚ್ಚುತ್ತಾರೆ. ಕೆಂಪು ಇಳಿಯುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ. ಯಾಕಂದರೆ ಊರು ಇರುವುದು ಅಂಗುಳ ಮೇಲಲ್ಲ, ಸೆಟ್ಟಿನ ಮೇಲೆ. ಅಂಗುಳು ಬರೀ ಅದರ ಉರಿ ತಾಳುತ್ತಿದೆ. ಮೊದಲು ಹರವಿ ತಿಕ್ಕಬೇಕು, ಔಷಧದ ಮಾತು ಆಮೇಲೆ.

ರಾತ್ರಿ ಮಲಗುವಾಗ ಸೆಟ್ಟು ಬಾಯಿಂದ ಹೊರಗಿರಲೇಬೇಕು. ನನ್ನನ್ನು ಕೇಳಿದರೆ ಅರ್ಧ ಚಿಕಿತ್ಸೆ ಇದೇ. ಇದು ಬರೀ ಅಂಗುಳಿನ ಮಾತೂ ಅಲ್ಲ. ಜಪಾನಿನಲ್ಲಿ 85 ವರ್ಷ ದಾಟಿದ 500ಕ್ಕೂ ಹೆಚ್ಚು ಹಿರಿಯರನ್ನು ಕೆಲವು ವರ್ಷ ಗಮನಿಸಿ 2015ರಲ್ಲಿ ವರದಿ ಬರೆದರು. ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಕಂಡಿತ್ತು. ಲೋಳೆ ನಿದ್ದೆಯಲ್ಲಿ ಜಾರಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ತೊಳೆಯುವ ಕ್ರಮ ಹೀಗೆ. ಬೋಗುಣಿಯಲ್ಲಿ ನೀರು ತುಂಬಿ ಅದರ ಮೇಲೆ ಸೆಟ್ಟು ಹಿಡಿದು ತೊಳೆಯಲಿ, ಕೈಜಾರಿದರೆ ನೀರಿಗೆ ಬೀಳುತ್ತದೆ, ಕಲ್ಲಿಗಲ್ಲ. ಮೆತ್ತನೆ ಬ್ರಷ್, ಕೈ ತೊಳೆಯುವ ಸೋಪು ಸಾಕು. ಪೇಸ್ಟು ಬೇಡ, ಹಲ್ಲುಪುಡಿ, ಬೂದಿ ಅಂತೂ ಬೇಡವೇ ಬೇಡ. ಅವು ಪ್ಲಾಸ್ಟಿಕ್ಕನ್ನು ಗೀರುತ್ತವೆ, ಗೀರಿನಲ್ಲಿ ಮತ್ತೆ ಯೀಸ್ಟು ಕೂರುತ್ತದೆ. ಒಳಮೈಯನ್ನು ಹೊರಮೈಗಿಂತ ಜಾಸ್ತಿ ಹೊತ್ತು ತಿಕ್ಕಬೇಕು, ಎಲ್ಲರೂ ಮಾಡುವುದು ಉಲ್ಟಾ. ಬಿಸಿ ನೀರಿನಲ್ಲಿ ಕುದಿಸಿದರೆ ಸೆಟ್ಟು ಸೊಟ್ಟಗಾಗುತ್ತದೆ. ಆಮೇಲೆ ತಣ್ಣೀರಿನ ಡಬ್ಬಿಯಲ್ಲಿ ಮುಳುಗಿಸಿಡಿ, ನೀರು ದಿನಾ ಬದಲಿಸಿ. ಡಾಕ್ಟರ್ ಹೇಳಿದರೆ ಸೆಟ್ಟು ನೆನೆಸುವ ಗುಳಿಗೆ ಅಥವಾ ಕ್ರಿಮಿನಾಶಕ ದ್ರವವಾದ ಕ್ಲೋರ್‌ಹೆಕ್ಸಿಡಿನ್ ಬಳಸಬಹುದು. ಬ್ಲೀಚ್ ನೀರು ಹೇಳಿದರೆ ಅವರು ಹೇಳಿದಷ್ಟೇ ತೆಳುವಾಗಿ, 10 ನಿಮಿಷ ಮೀರದಂತೆ, ಲೋಹ ಇರುವ ಸೆಟ್ಟಿಗೆ ಹಾಕದಂತೆ. ಎಲ್ಲಾದಕ್ಕೂ ಕೊನೆಗೆ ಚೆನ್ನಾಗಿ ತೊಳೆದೇ ಬಾಯಿಗೆ ಇಡಬೇಕು. ಅಂಗುಳನ್ನೂ ನಾಲಿಗೆಯನ್ನೂ ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಲಿ.

ಔಷಧದ ಬಗ್ಗೆ ಎರಡು ಎಚ್ಚರಿಕೆ. ಕ್ಲೋರ್‌ಹೆಕ್ಸಿಡಿನ್ ಮತ್ತು ನಿಸ್ಟಾಟಿನ್ ಒಟ್ಟಿಗೆ ಬಳಸಿದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ, ನಡುವೆ ಅರ್ಧ ಗಂಟೆಯಾದರೂ ಬಿಡಿ. ಹೃದಯಕ್ಕೆಂದು ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುತ್ತಿದ್ದರೆ ಮೈಕೊನಜೋಲ್ ಜೆಲ್ ಬಾಯಿಗೂ ಹಚ್ಚಬಾರದು, ರಕ್ತಸ್ರಾವ ಆದೀತು.

ಮೊಸರು ತಿಂದರೆ ಆಗುವುದಿಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳುತ್ತಾರೆ. ಫಿನ್ಲೆಂಡಿನಲ್ಲಿ ಹಿರಿಯರಿಗೆ 16 ವಾರ ಆಯ್ದ ಬ್ಯಾಕ್ಟೀರಿಯಾ ಹಾಕಿದ ಚೀಸ್ ತಿನ್ನಿಸಿ ನೋಡಿದ್ದರು. ಜೊಲ್ಲಿನಲ್ಲಿ ಯೀಸ್ಟು ತುಂಬ ಜಾಸ್ತಿ ಇದ್ದವರ ಸಂಖ್ಯೆ ಕಡಿಮೆಯಾಯಿತು ಎಂದು 2007ರಲ್ಲಿ ಬರೆದರು. ನಮ್ಮ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಅವೇ ಅಲ್ಲ. ಊಟಕ್ಕೆ ಮೊಸರು ತಿನ್ನಲಿ, ಒಳ್ಳೆಯದೇ. ಸೆಟ್ಟು ತಿಕ್ಕುವುದಕ್ಕೆ ಬದಲಿ ಎಂದು ತಿಳಿಯಬಾರದು.

ಮುತ್ತಿನ ವಿಷಯಕ್ಕೆ ಮತ್ತೊಮ್ಮೆ. ಅಜ್ಜಿಯ ಜೊಲ್ಲಿನಿಂದ ಕೂಸಿಗೆ ನಾಲ್ಕು ಯೀಸ್ಟು ಹೋಗಿರಬಹುದೇ? ಹೋಗಿರಬಹುದು. ನಿಮ್ಮಿಂದ ಅದಕ್ಕಿಂತ ಮೊದಲೇ ಹೋಗಿರುವ ಸಂಭವ ಜಾಸ್ತಿ. ಕೂಸಿನ ಬಾಯಿ ಬೆಳ್ಳಗಾದದ್ದು ಅದರ ವಯಸ್ಸಿನಿಂದ. ಸದ್ಯಕ್ಕೆ ಬಾಯಿಯ ಬದಲು ಹಣೆಗೋ ಪಾದಕ್ಕೋ ಮುತ್ತು ಕೊಡಲಿ. ಚಮಚ, ನಿಪ್ಪಲ್ ಯಾರೂ ನೆಕ್ಕಿ ಕೊಡುವುದು ಬೇಡ. ಅದು ಯೀಸ್ಟಿಗಿಂತ ಹೆಚ್ಚಾಗಿ ಹಲ್ಲು ಹುಳುಕಿನ ಬ್ಯಾಕ್ಟೀರಿಯಾ ದಾಟದಿರಲಿ ಎಂದು. ಆ ನಿಯಮ ಅಜ್ಜಿಗಷ್ಟೇ ಅಲ್ಲ, ನಿಮಗೂ ನಿಮ್ಮ ಯಜಮಾನರಿಗೂ ಇದೆ.

ಕೂಸು ಹಾಲು ಕುಡಿಯಲು ಒಲ್ಲೆ ಅಂದರೆ, ಜ್ವರ ಬಂದರೆ, ಅಥವಾ ಒಂದು ವಾರದ ಔಷಧಕ್ಕೂ ಬಿಳಿ ಕಡಿಮೆ ಆಗದಿದ್ದರೆ ಮಕ್ಕಳ ಡಾಕ್ಟರಿಗೆ ಮತ್ತೆ ತೋರಿಸಿ. ಅತ್ತೆಯವರಿಗೆ ಎರಡು ವಾರ ಕೊಡಿ. ತೊಳೆದದ್ದು ಸರಿಯಾಗಿದೆಯೇ ಎಂದು ನೋಡಲು ಸಿಹಿತಿಂಡಿಗೆ ಹಾಕುವ ಕೆಂಪು ಬಣ್ಣದ ಎರಡು ಹನಿಯನ್ನು ಸೆಟ್ಟಿನ ಒಳಮೈಗೆ ಸವರಿ, ನೀರಲ್ಲಿ ಜಾಲಿಸಿ. ಎಲ್ಲಿ ಕೆಂಪು ಉಳಿಯಿತೋ ಅಲ್ಲಿ ಪದರ ಇದೆ. ಅವರಿಗೇ ತೋರಿಸಿ, ಮರುದಿನದಿಂದ ನೀವು ಹೇಳುವುದೇ ಬೇಕಾಗುವುದಿಲ್ಲ.

9 ವರ್ಷದ ಸೆಟ್ಟು ಬದಲಿಸುವ ಕಾಲವೂ ಬಂದಿದೆ. ಆದರೆ ಈ ವಾರವೇ ಅಳತೆ ಕೊಡಲು ಹೋಗಬೇಡಿ. ಅಂಗುಳು ಈಗ ಊದಿಕೊಂಡಿದೆ. ಊದಿದ ಅಂಗುಳಿನ ಅಳತೆಗೆ ಮಾಡಿದ ಸೆಟ್ಟು ಊತ ಇಳಿದ ಮೇಲೆ ಸಡಿಲವಾಗುತ್ತದೆ. ಕೆಂಪು ಪೂರ್ತಿ ಇಳಿದು ಅಂಗುಳು ತೆಳು ಗುಲಾಬಿಗೆ ಬಂದ ಮೇಲೆ ಹೋಗಿ.